ಮೇಲ್ ಹಾಕಿದ್ದು

"ಅಟ್ಟಕ್ಕೆ ಹಾಕಿದ್ಯಾ? ಅಯ್ಯೋ ಮುಂಡೇದೆ, ಮೇಲ್ ಅಂದ್ರೆ ಅಟ್ಟ ಅಲ್ಲ ಕಣೇ!"

ರಾಮನಾಥರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರವಾರದ ಹಬ್ಬುವಾಡದಲ್ಲಿದ್ದ ಅವರ ಮನೆಯ ಮುಂದಿನ ಕೋಣೆಯೇ ಸಾವಯವ ಬಳಗದ ಆಫೀಸು. ಅವರೇ ಬಳಗದ ಅಧ್ಯಕ್ಷರು. ಕುರ್ಚಿಗಳಲ್ಲಿದ್ದ ನಾಲ್ಕೈದು ಸದಸ್ಯರೂ ಅವರ ಜೊತೆ ನಕ್ಕರು. ಹೊಸ್ತಿಲಾಚೆ ನಿಂತಿದ್ದ ಹೊನ್ನಮ್ಮನಿಗೆ ಇದರಲ್ಲಿ ನಗುವಂಥದ್ದೇನಿದೆ ಎಂದು ತಿಳಿಯಲಿಲ್ಲ. ಹಿಲ್ಲೂರಿನಿಂದ ಮೊದಲ ಬಸ್ಸಿಗೆ ಬಂದವಳು. ಬಸಳೆ, ಹರಿವೆ, ಮೊಗೆಕಾಯಿ ತುಂಬಿದ ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು. ಇಳಿಸು ಎಂದು ಯಾರೂ ಹೇಳಿರಲಿಲ್ಲ.

"ನೀವೇ ಹೇಳ್ದದ್ದಲ್ರಾ ಒಡೇರೆ," ಎಂದಳು. "ಹೆಸ್ರೆಲ್ಲ ಬರ್ದು ಮೇಲ್ ಹಾಕಿ ಅಂತ ಪುಂಡಲೀಕನ ಅಂಗ್ಡಿಗೆ ಫೋನ್ ಬಂದಿತ್ತು. ಅವ್ನ ಕೈಲೇ ಬರೆಸ್ದೆವು. ಆ ಕಾಗ್ದ ಬೀಜದ ಮುಡಿ ಸಂಗ್ತಿಗೇ ಮೇಲೆ ಹಾಕ್ದೆವು. ನೀವು ನೋಡೂಕೆ ಬತ್ರಿ ಅಂತ ದಿನಾ ದಾರಿ ಕಾದೆವು."

ಮತ್ತೊಮ್ಮೆ ನಗು. ನೋಡಿ ಮತ್ತೆ, ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುವುದು ಹಿಲ್ಲೂರಿನವರಿಗೆ ಅಜ್ಜಿಯ ಕಾಲದ ಪದ್ಧತಿ. ಮೇಲೆ ಹಾಕಿ ಎಂದರೆ ಅವರು ಇನ್ನೆಲ್ಲಿ ಹಾಕಬೇಕಿತ್ತು? ಎರಡು ಸಾವಿರದ ಎಂಟರಲ್ಲಿ ಬಳಗಕ್ಕೆ ಕಂಪ್ಯೂಟರ್ ಬಂದಿತ್ತು. ಅಂದಿನಿಂದ ಸಭೆಯ ಸುದ್ದಿ, ಸದಸ್ಯರ ಪಟ್ಟಿ, ಕೈ ಎತ್ತಿ ಒಪ್ಪಿಗೆ ಕೊಡುವುದು, ಎಲ್ಲವೂ ಅದರೊಳಗೇ. ಹಿಲ್ಲೂರಿನ ಹನ್ನೊಂದು ಹೆಂಗಸರ ಹೆಸರು ಆ ಪಟ್ಟಿಗೆ ಸೇರಲೇ ಇಲ್ಲ.

"ಮೂರು ಸಲ ಮೇಲ್ ಕಳಿಸಿದ್ವಿ. ಉತ್ತರ ಇಲ್ಲ ಅಂದ್ರೆ ಆಸಕ್ತಿ ಇಲ್ಲ ಅಂತ ಅರ್ಥ," ಎಂದರು ರಾಮನಾಥರು. "ನಿಯಮ ಅಂದ್ರೆ ನಿಯಮ."

ಪಟ್ಟಿಯಲ್ಲಿ ಹೆಸರಿದ್ದರೆ ಒಂದು ನಂಬರು. ನಂಬರಿದ್ದರೆ ಕಾರವಾರದ ಭಾನುವಾರದ ಸಾವಯವ ಸಂತೆಯಲ್ಲಿ ಸ್ವಂತ ಜಾಗ. ಜಾಗ ಸಿಕ್ಕರೆ ಹಿಲ್ಲೂರಿನಲ್ಲಿರುವ ಇದೇ ರಾಮನಾಥರ ಗದ್ದೆಗೆ ಕೂಲಿಗೆ ಹೋಗುವುದು ತಪ್ಪುತ್ತಿತ್ತು. ಹನ್ನೊಂದು ಜನ ಎರಡು ವರ್ಷದಿಂದ ಕಾದದ್ದು ಅದಕ್ಕೇ. ಬಳಗದ ಹೆಮ್ಮೆ ಎಂದು ಗೋಡೆಗೆ ಅಂಟಿಸಿದ್ದ ಹದಿನಾಲ್ಕು ತಳಿಯ ಭತ್ತವೂ ಅವರ ಅಟ್ಟದಿಂದಲೇ ಬಂದದ್ದು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.

"ತಂಗಿ, ನೀನಾರೂ ಹೇಳೇ," ಎಂದು ಹೊನ್ನಮ್ಮ ಸುಗಂಧಾಳ ಕಡೆ ತಿರುಗಿದಳು. ಕಂಪ್ಯೂಟರ್ ಒತ್ತುವ ಹುಡುಗಿ ಅವಳು. ಫೋನು ಮಾಡಿದವಳೂ ಅವಳೇ.

ಸುಗಂಧಾ ತಲೆ ತಗ್ಗಿಸಿದಳು. "ಅವರಿಗೆ ಕಾಗದ ಹಾಕುವಾ ಅಂದಿದ್ದೆ ಸರ್, ನೀವೇ ಬೇಡ ಅಂದ್ರಿ."

"ನೀ ಸುಮ್ನಿರೇ," ಎಂದರು ರಾಮನಾಥರು. ಅಷ್ಟರಲ್ಲಿ ಅವರಿಗೊಂದು ಯೋಚನೆ ಹೊಳೆಯಿತು. ಹನ್ನೊಂದು ಗಂಟೆಗೆ ದಿಲ್ಲಿಯವರು ಕಂಪ್ಯೂಟರಿನ ಪರದೆಯ ಮೇಲೆ ಬರುವವರಿದ್ದರು, ಬಳಗಕ್ಕೆ ಸಹಾಯ ಮಾಡುವ ದೊಡ್ಡ ಮಂದಿ. "ಹೊನ್ನಮ್ಮಾ, ಈ ಅಟ್ಟದ ಕತೆ ಅವರ ಮುಂದೆ ಇನ್ನೊಂದು ಸಲ ಹೇಳು. ಖುಷಿಯಾಗ್ತಾರೆ. ಆಮೇಲೆ ನಿಮ್ಮ ಹೆಸರು ನೋಡುವಾ."

ಬುಟ್ಟಿ ಹೊರಗಿಳಿಯಿತು. ಹೊನ್ನಮ್ಮ ಮೊದಲ ಸಲ ಆ ಕೋಣೆಯೊಳಗೆ ಕಾಲಿಟ್ಟಳು.

"ಸೆರಗು ಸರಿಸು. ಮಣಿಸರ ಪೂರ್ತಿ ಕಾಣ್ಲಿ. ಹಾಂ, ಹಾಗೆ. ಸ್ವಲ್ಪ ಬಗ್ಗು."

ಪರದೆಯಲ್ಲಿ ಮೇಜಿನ ಸುತ್ತ ಕೂತ ಹತ್ತು ಜನ ಕಂಡರು. ಮೂಲೆಯ ಚಿಕ್ಕ ಚೌಕದಲ್ಲಿ ಅವಳದೇ ಮುಖ, ಕೊರಳ ತುಂಬ ಕರಿಮಣಿ. ರಾಮನಾಥರು ಇಂಗ್ಲಿಷಿನಲ್ಲಿ ಏನೋ ಹೇಳಿ, ಅವಳ ಬೆನ್ನಿಗೆ ಬೆರಳಿನಿಂದ ತಿವಿದರು.

ಹೊನ್ನಮ್ಮ ಬಾಯಿ ತೆರೆದದ್ದು ಅಟ್ಟದ ಕತೆ ಹೇಳಲಿಕ್ಕೇ. ಆದರೆ ಆ ಬೆರಳು ತಾಗಿದ್ದೇ ತಾಗಿದ್ದು, ನಾಲಿಗೆ ಬೇರೆ ಕಡೆ ಹೊರಳಿತು.

"ನಾನು ಹಿಲ್ಲೂರ ಹೊನ್ನಮ್ಮ. ನಮ್ಮ ಮನೆ ಬೀಜ ತಕಂಡು ದೊಡ್ಡ ಮನ್ಸ ಆದವ ಈ ಒಡೆಯ. ಇವ್ನ ಗದ್ದೆಗೆ ಸರಕಾರಿ ಗೊಬ್ಬರ ಬೀರ್ದದ್ದು ಇದೇ ಕೈ. ಹೋದ ಶ್ರಾವಣ್ದಲ್ಲೂ ಬೀರ್ದೆ. ಚೀಲ ಹೊತ್ತದ್ದೂ ನಾವೇ. ಬಾಯಿ ಬಿಟ್ರೆ ನಾಳಿಂದ ಕೂಲಿ ಇಲ್ಲ ಅಂದ. ಸಾವಯವ ಅಂತೆ, ಇವ್ನ ಹೆಣ ಎತ್ಲಿ!"

ರಾಮನಾಥರ ಮುಖ ಒಂದು ಗಳಿಗೆ ಸುಣ್ಣವಾಯಿತು. ಮರುಗಳಿಗೆ ಅವರು ನಗುತ್ತ ಪರದೆಯತ್ತ ಬಾಗಿ ಇಂಗ್ಲಿಷಿನಲ್ಲಿ ತಿರುಗಿಸಿ ಹೇಳತೊಡಗಿದರು. ಹೇಳುತ್ತ ಅಟ್ಟದ ಎತ್ತರವನ್ನು ಕೈಯಲ್ಲಿ ತೋರಿಸಿದರು. ದಿಲ್ಲಿಯ ಹತ್ತೂ ಜನ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಹೊನ್ನಮ್ಮನಿಗೆ ಕೈ ಮುಗಿದಳು.

"ಯೆಂತ ಹೇಳ್ದ ಇವ?" ಹೊನ್ನಮ್ಮ ಸುಗಂಧಾಳನ್ನು ಕೇಳಿದಳು. ಸುಗಂಧಾಳ ಕಣ್ಣು ತುಂಬಿತ್ತು. ನೀನು ಹೇಳಿದ್ದನ್ನಲ್ಲ ಎಂಬಂತೆ ಅವಳು ತಲೆ ಅಲ್ಲಾಡಿಸಿದಳು.

ಥೂ! ಎದೆ ಒಡೆದು ಹೇಳಿದ ಮಾತಿಗೆ ಚಪ್ಪಾಳೆ. ಬೈದರೂ ತಟ್ಟುತ್ತಾರೆ, ಅತ್ತರೂ ತಟ್ಟುತ್ತಾರೆ. ಭಾಷೆ ಬಾರದವರ ಮುಂದೆ ಬಡವರ ಬಾಯಿ ಇದ್ದೂ ಇಲ್ಲದ್ದು. ಹೊನ್ನಮ್ಮನಿಗೆ ಆ ಪೆಟ್ಟಿಗೆಯನ್ನೇ ಎತ್ತಿ ಅಂಗಳಕ್ಕೆ ಎಸೆಯಬೇಕೆನ್ನಿಸಿತು. ಸರಕಾರಿ ಗೊಬ್ಬರ ಎಂದರೆ ದಿಲ್ಲಿಯವರಿಗೆ ಏನು ಗೊತ್ತು? ಚೀಲ ಬಿಚ್ಚುವಾಗ ಒಡೆಯ ಅದಕ್ಕೆ ಏನೆನ್ನುತ್ತಿದ್ದ? ಅಂಗಡಿಯವ ಏನೆನ್ನುತ್ತಿದ್ದ?

ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ರಾಮನಾಥರ ಕಡೆ ಬೆರಳು ಚಾಚಿದಳು.

"ಯೂರಿಯಾ!" ಎಂದು ಕೂಗಿದಳು. "ರಾಮನಾಥ, ಯೂರಿಯಾ! ಹಿಲ್ಲೂರ, ಯೂರಿಯಾ! ಯೂರಿಯಾ!"

ಆ ಕಡೆ ಚಪ್ಪಾಳೆ ನಿಂತಿತು. ಕೈ ಮುಗಿದಿದ್ದಾಕೆ ಮುಂದಕ್ಕೆ ಬಾಗಿ ಏನೋ ಕೇಳಿದಳು. ಅವಳ ಮಾತಿನಲ್ಲೂ ಅದೇ ಶಬ್ದವಿತ್ತು.

"ಬಂದ್ ಮಾಡ್! ಸುಗಂಧಾ, ಬಂದ್ ಮಾಡೇ ರಂಡೆ!" ಸುಗಂಧಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ರಾಮನಾಥರು ತಾವೇ ವಯರು ಕೀಳಲು ಬಗ್ಗಿದರು.

ಹೊನ್ನಮ್ಮ ಅವರ ಮಣಿಕಟ್ಟನ್ನು ಹಿಡಿದಳು. ಹುಟ್ಟಿದಾಗಿನಿಂದ ಒಡೆಯರ ಅಂಗಳ ದಾಟದವಳು, ಅವರ ಮೈ ಮುಟ್ಟಿದವಳಲ್ಲ. ನಾಳೆ ಕೂಲಿಯಿಲ್ಲ, ನಂಬರೂ ಇಲ್ಲ, ಅದೂ ಗೊತ್ತಿತ್ತು. ಅವರು ಕೊಸರಿದಷ್ಟೂ ಅವಳು ಬಿಗಿ ಹಿಡಿದಳು.

"ಅವ್ರು ಕೇಳ್ತಿದ್ರಲಾ," ಎಂದಳು, "ಉತ್ರ ಹೇಳು."