ನಾನೂರ ಹನ್ನೆರಡು ಮನೆಗಳ ಗುಟ್ಟು

ಮೊದಲ ದಿನ ಅವರನ್ನು ನಾನು ಮೇಡಂ ಎಂದು ಕರೆದೆ. ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, "ಮೇಡಂ ಗೀಡಂ ಎಲ್ಲ ಕೆಳಗೆ ರಿಸೆಪ್ಷನ್‌ನಲ್ಲೇ ಬಿಟ್ಟು ಬಾ. ಇಲ್ಲಿ ಎಲ್ಲರೂ ನನ್ನನ್ನ ಅಕ್ಕ ಅಂತಾರೆ," ಎಂದರು. ನನಗೆ ಒಡಹುಟ್ಟಿದವರಿಲ್ಲ. ಆ ಮಾತು ಬಾಯಿಗೆ ಹತ್ತಲು ಎರಡು ದಿನ ಹಿಡಿಯಿತು. ಹತ್ತಿದ ಮೇಲೆ ಬಿಡಲಿಲ್ಲ.

ನಾನಾಗ ಎಂಜಿನಿಯರಿಂಗ್ ಮೂರನೇ ವರ್ಷ ಮುಗಿಸಿದ್ದೆ. ಬೇಸಿಗೆ ರಜೆಯ ಹನ್ನೆರಡು ವಾರ ಆ ದೊಡ್ಡ ಕಂಪನಿಯಲ್ಲಿ ಇಂಟರ್ನ್‌ಶಿಪ್. ನಮ್ಮ ಕಾಲೇಜಿನಿಂದ ಆಯ್ಕೆಯಾದವಳು ನಾನೊಬ್ಬಳೇ. ಸೇರಿದ ಬೆಳಿಗ್ಗೆ ನಲವತ್ತು ಪುಟಗಳ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಂಡರು. ಹಿಂದೆ ಇನ್ನೂ ಮೂವತ್ತು ಜನ ಸಾಲಿನಲ್ಲಿದ್ದರು. ಓದುತ್ತಾ ನಿಂತರೆ ಏನೆಂದುಕೊಳ್ಳುತ್ತಾರೋ ಎಂದು ಬೆರಳು ತೋರಿಸಿದಲ್ಲೆಲ್ಲ ಗೀಚಿದೆ.

ನನಗೆ ಕೆಲಸ ಕಲಿಸುವ ಹೊಣೆ ಅಕ್ಕನದು. ನಮ್ಮ ತಂಡದ್ದು ಮ್ಯಾಪ್ ಆ್ಯಪ್‌ನ ಕೆಲಸ. ಸಾಮಾನು ತಂದುಕೊಡುವ ಡೆಲಿವರಿಯವರು ಆ ಮ್ಯಾಪ್ ನೋಡಿಕೊಂಡೇ ಓಡಾಡುತ್ತಾರೆ. ಅದು ಅವರನ್ನು ಬೀದಿಯವರೆಗೆ ಮುಟ್ಟಿಸುತ್ತದೆ, ಬಾಗಿಲಿಗೆ ಮುಟ್ಟಿಸುವುದಿಲ್ಲ. ಗೇಟು ಯಾವ ಕಡೆಗೆ, ಮೆಟ್ಟಿಲು ಎಲ್ಲಿ, ಬೆಲ್ ಕೆಟ್ಟಿದೆಯೇ, ನಾಯಿ ಇದೆಯೇ, ಇದನ್ನೆಲ್ಲ ಎರಡು ಸಾಲಿನಲ್ಲಿ ಹೇಳುವ ಪ್ರೋಗ್ರಾಂ ನನ್ನ ಪಾಲಿಗೆ ಬಂತು. ಬರೆದೆ. ಆದರೆ ಅದಕ್ಕೆ ಕಲಿಸಲು ನಿಜವಾದ ಟಿಪ್ಪಣಿಗಳೇ ನಮ್ಮಲ್ಲಿರಲಿಲ್ಲ. ನಾವು ಕೂತು ಕಟ್ಟಿದ ಸುಳ್ಳು ಟಿಪ್ಪಣಿಗಳನ್ನು ತಿಂದು ಅದು, "ನಾಯಿಯನ್ನು ಒತ್ತಿ. ಮೆಟ್ಟಿಲು ಕಚ್ಚುತ್ತದೆ," ಎಂದು ಬರೆಯಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳು ಬರುವಂತಿತ್ತು.

ನಾಲ್ಕನೇ ವಾರ, ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ.

"ನಮ್ಮಪ್ಪ ಪೋಸ್ಟ್‌ಮ್ಯಾನ್ ಅಕ್ಕ. ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಬಡಾವಣೆ. ಇಂಥದ್ದೆಲ್ಲ ಒಂದು ಪುಸ್ತಕದಲ್ಲಿ ಬರ್ಕೊಂಡಿದ್ದಾರೆ."

ಅಕ್ಕನ ಚಮಚ ಅಲ್ಲೇ ನಿಂತಿತು. "ಯಾವ ಪುಸ್ತಕ?"

ಅಂಗೈಯಗಲದ ಪುಸ್ತಕ, ಅಪ್ಪನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ತಾನು ರಜೆ ಹಾಕಿದ ದಿನ ಬದಲಿಗೆ ಬಂದವರು ಪರದಾಡಬಾರದೆಂದು ಬರೆಯಲು ಶುರುಮಾಡಿದ್ದು. ಮನೆಗೊಂದು ಸಾಲು. 'ಬೆಲ್ ಸತ್ತಿದೆ, ಕಿಟಕಿ ಬಡಿ.' ಬರುಬರುತ್ತಾ ಅದು ಗೇಟು, ಬೆಲ್ಲುಗಳನ್ನು ದಾಟಿಹೋಗಿತ್ತು. 'ಅಜ್ಜನಿಗೆ ಓದಲು ಬಾರದು. ಸೊಸೆ ಇಲ್ಲದಾಗ ಓದಿ ಹೇಳು.' 'ಮಗ ಜೈಲಿನಲ್ಲಿ. ಅಲ್ಲಿಯ ಮುದ್ರೆ ಇರುವ ಕಾಗದ ತಾಯಿಯ ಕೈಗೇ ಕೊಡು, ಡಬ್ಬಿಗೆ ಹಾಕಬೇಡ.' 'ಟೀಚರಮ್ಮ. ಒಬ್ಬರೇ. ಕಿವಿ ಮಂದ. ಪಾರ್ಸಲ್ ಇದ್ದರೆ ಹಿಂಬಾಗಿಲಲ್ಲಿ ಒಳಗಿಡು, ಬೀಗದಕೈ ಹೂಕುಂಡದಡಿ.'

ಅಂದು ಸಂಜೆ ಅಪ್ಪ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಾಗ ಕೇಳಿದೆ. ಅವರು ತಲೆಯಾಡಿಸಿದರು.

"ಅದು ನನ್ನದಲ್ಲ ಮರಿ. ಬರ್ದಿರೋನು ನಾನು, ಆದ್ರೆ ವಿಷಯ ಅವರದ್ದು."

ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಅಮ್ಮ, "ಕಟ್ಕೊಂಡ ಹೆಂಡತಿಗೇ ಇವತ್ತಿನವರೆಗೂ ತೋರಿಸಿಲ್ಲ, ಇನ್ನು ಕಂಪನಿಗೆ ತೋರಿಸ್ತಾರಾ?" ಎಂದರು.

ಮರುದಿನ ಇದನ್ನು ಅಕ್ಕನಿಗೆ ಹೇಳಿದೆ. ಅವರು ನನ್ನನ್ನು ಗಾಜಿನ ಸಣ್ಣ ಕೋಣೆಗೆ ಕರೆದೊಯ್ದು, ಬಾಗಿಲು ಮುಚ್ಚಿ, ನನ್ನ ಫೋನಿನಿಂದಲೇ ಅಪ್ಪನಿಗೆ ಕರೆ ಮಾಡಿಸಿದರು.

"ನಾನೂ ನಿಮ್ಮನ್ನ ಅಪ್ಪ ಅಂತಲೇ ಕರೀತೀನಿ, ಬೇಜಾರಿಲ್ಲ ತಾನೇ? ನೋಡಿ ಅಪ್ಪಾ, ಪುಸ್ತಕದಲ್ಲಿರೋದು ಈ ಹುಡುಗಿಯ ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗಲ್ಲ. ಪ್ರೋಗ್ರಾಂ ಕಲಿತ ದಿನಾನೇ ಎಲ್ಲ ಅಳಿಸಿಬಿಡ್ತೀವಿ. ಡೆಲಿವರಿ ಮಾಡೋರೂ ನಿಮ್ಮ ಹಾಗೆ ಬಿಸಿಲಲ್ಲಿ ಅಲೆಯೋರಲ್ವಾ? ಅವರಿಗೊಂದು ಉಪಕಾರ ಆಗತ್ತೆ. ನಾನು ಮಾತು ಕೊಡ್ತೀನಿ."

ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ನೀವು ಮಾತು ಕೊಡ್ತೀರಿ ಅಂದ್ರೆ ಆಯ್ತು ತಾಯಿ," ಎಂದರು.

ಮೂರು ದಿನ ಕೂತು ಟೈಪ್ ಮಾಡಿದೆ. ನಾನೂರ ಹನ್ನೆರಡು ಮನೆ. ಸೂಕ್ಷ್ಮವಾದ ಸಾಲುಗಳನ್ನು ಬಿಟ್ಟುಬಿಡಲೇ ಎಂದು ಕೇಳಿದ್ದಕ್ಕೆ ಅಕ್ಕ, "ಪೂರ್ತಿ ಹಾಕು, ಪೂರ್ತಿ ಕೊಟ್ರೇನೇ ಅದು ಕಲಿಯೋದು. ಹೇಗೂ ಅಳಿಸ್ತೀವಲ್ಲ," ಎಂದರು. ಪ್ರೋಗ್ರಾಂಗೆ ಒಮ್ಮೆಲೇ ಬುದ್ಧಿ ಬಂದಂತಾಯಿತು. ಅಪ್ಪನ ಹಾಗೆಯೇ ಚುಟುಕಾಗಿ, ಅಪ್ಪನ ಹಾಗೆಯೇ ಸರಿಯಾಗಿ ಹೇಳತೊಡಗಿತು. ಅಕ್ಕ ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು. ನನಗೆ ಜ್ವರ ಬಂದಾಗ ಮಾತ್ರೆ ತಂದುಕೊಟ್ಟು, ತಾವೇ ಕಾರಿನಲ್ಲಿ ಮನೆಗೆ ಬಿಟ್ಟರು. ಒಮ್ಮೆ ಮ್ಯಾನೇಜರ್ ನನ್ನ ಮೇಲೆ ರೇಗಿದಾಗ ಎದ್ದು ನಿಂತು, "ತಪ್ಪು ನಂದು, ಅವಳದ್ದಲ್ಲ," ಎಂದರು. ಇಂಥವರಿಗಾಗಿ ಯಾರು ತಾನೇ ಜೀವ ಬಿಡುವುದಿಲ್ಲ?

ಕೊನೆಯ ವಾರ ದೊಡ್ಡವರೆಲ್ಲರ ಮುಂದೆ ಕೆಲಸ ತೋರಿಸಬೇಕಿತ್ತು. ಒಳಗೆ ಹೋಗುವ ಮುನ್ನ ಅಕ್ಕ ನನ್ನ ಕಿವಿಯ ಹತ್ತಿರ ಬಂದು, "ಪುಸ್ತಕದ ಸುದ್ದಿ ಎತ್ತಬೇಡ," ಎಂದರು. ತೆರೆಯ ಮೇಲೆ ಮೊದಲ ಪುಟದಲ್ಲಿ ದಪ್ಪಕ್ಷರದ ಅವರ ಹೆಸರು, ಕೊನೆಯ ಪುಟದ ಅಡಿಯಲ್ಲಿ ನನ್ನದು. ಚುಚ್ಚಿತು. ಹೊಸಬಳಲ್ಲವೇ ಎಂದು ನುಂಗಿಕೊಂಡೆ. ಹೊರಡುವ ದಿನ ನಾನು ಕೇಳುವ ಮೊದಲೇ ಅವರು ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು, "ನಿನ್ನ ಕಣ್ಣೆದುರಿಗೇ ಅಳಿಸ್ತೀನಿ, ನೋಡ್ಕೋ," ಎಂದು ಫೋಲ್ಡರನ್ನು ಅಳಿಸಿ ನನ್ನನ್ನು ತಬ್ಬಿಕೊಂಡರು. ವಾರದೊಳಗೆ ಪತ್ರ ಬಂತು: ಓದು ಮುಗಿದ ಮೇಲೆ ಕಾಯಂ ಕೆಲಸ, ಒಪ್ಪಿಗೆ ತಿಳಿಸಲು ಒಂದು ತಿಂಗಳ ಗಡುವು.

ಅದಾಗಿ ಎರಡು ವಾರಕ್ಕೆ, ಅಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರು. ಚಪ್ಪಲಿ ಬಿಡದೆ ನಡುಮನೆಗೆ ಬಂದು ನಿಂತದ್ದನ್ನು ನೋಡಿಯೇ ಅಮ್ಮ ಯಂತ್ರ ನಿಲ್ಲಿಸಿದರು.

ಟೀಚರಮ್ಮ ಸ್ನಾನ ಮುಗಿಸಿ ಹೊರಗೆ ಬಂದಾಗ ಅಡುಗೆಮನೆಯಲ್ಲಿ ಅಪರಿಚಿತ ಗಂಡಸೊಬ್ಬ ನಿಂತಿದ್ದನಂತೆ. ಕಳ್ಳನಲ್ಲ, ಪೆಟ್ಟಿಗೆ ತಂದ ಡೆಲಿವರಿಯವನು. ಅವರು ಗೋಡೆಗೆ ಒರಗಿ ಕುಸಿದದ್ದನ್ನು ಕಂಡು ಅವನೇ ಹೆದರಿ, ಕೈಮುಗಿದು, ಫೋನು ತೋರಿಸಿದನಂತೆ. ಒಬ್ಬರೇ. ಕಿವಿ ಮಂದ. ಹಿಂಬಾಗಿಲಲ್ಲಿ ಒಳಗಿಡು, ಬೀಗದಕೈ ಹೂಕುಂಡದಡಿ. ಅಪ್ಪನ ಅಕ್ಷರಕ್ಕಕ್ಷರ.

"ಅವರ ಯಜಮಾನರು ತೀರಿಕೊಂಡ ವರ್ಷ ಟೀಚರಮ್ಮನೇ ನನ್ನನ್ನ ಕರೆದು ಆ ಜಾಗ ತೋರ್ಸಿದ್ರು," ಎಂದರು ಅಪ್ಪ. "ಇವತ್ತು ಕೇಳಿದ್ರು, 'ನಂಗೂ ನಿಂಗೂ ಬಿಟ್ಟು ಇದು ಇನ್ಯಾರಿಗಪ್ಪ ಗೊತ್ತಿತ್ತು?' ಅಂತ. ನಾನೇನು ಹೇಳ್ಲಿ?"

ನಾನು ಆ್ಯಪ್ ತೆರೆದು ಆ ಬೀದಿಯ ಮೇಲೆ ಬೆರಳಿಟ್ಟೆ. ಅಜ್ಜನ ಮನೆ ಇತ್ತು. ಜೈಲಿನಲ್ಲಿರುವ ಮಗನ ಮನೆ ಇತ್ತು. ಎಲ್ಲವೂ ಇತ್ತು, ಯಾರು ಬೇಕಾದರೂ ಓದುವ ಹಾಗೆ.

ಅಕ್ಕನಿಗೆ ಒಂಬತ್ತು ಸಲ ಫೋನ್ ಮಾಡಿದೆ. 'ಮೀಟಿಂಗ್‌ನಲ್ಲಿದ್ದೀನಿ' ಎಂಬ ಸಂದೇಶ ಬಂತು. ಎರಡು ದಿನ ಕಾದು, ಮೂರನೇ ದಿನ ಹೋಗಿ ಅವರ ಕಟ್ಟಡದ ಕೆಳಗೆ ಸಂದರ್ಶಕರ ಸೋಫಾದಲ್ಲಿ ಕೂತೆ. ಒಂದೂವರೆ ಗಂಟೆಯ ಮೇಲೆ ಇಳಿದು ಬಂದರು. ಅದೇ ನಗು.

"ಏನು ಹುಡುಗಿ, ಹೇಳದೆ ಕೇಳದೆ?"

"ಅಳಿಸಿದ್ದೀನಿ ಅಂದ್ರಲ್ಲ ಅಕ್ಕ."

"ನಿನ್ನ ಲ್ಯಾಪ್‌ಟಾಪಿಂದ ಅಳಿಸಿದೆ. ನೀನೇ ನೋಡಿದೀಯ. ಅದು ಸುಳ್ಳಲ್ಲ."

"ಮತ್ತೆ ಆ್ಯಪ್‌ನಲ್ಲಿ ಹೇಗೆ ಬಂತು?"

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನೀನು ಟೈಪ್ ಮಾಡ್ತಿದ್ದಾಗಲೇ ಮೇಲಿನವರಿಗೆ ಹೋಗ್ತಿತ್ತು. ಸಹಿ ಹಾಕಿದೀಯಲ್ಲ ನೀನು, ಇಲ್ಲಿಗೆ ತಂದದ್ದೆಲ್ಲ ಕಂಪನಿಯದ್ದು ಅಂತ."

"ಅಪ್ಪನ ಹತ್ರ ಮಾತಾಡಿದ ದಿನ ಇದು ನಿಮಗೆ ಗೊತ್ತಿತ್ತಾ?"

ಕೊರಳಲ್ಲಿದ್ದ ಗುರುತಿನ ಚೀಟಿಯ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತರು. "ನನ್ನ ಮೇಲೂ ಒತ್ತಡ ಇತ್ತು ಕಣೇ," ಎಂದರು ಕೊನೆಗೆ. "ಆ ಟೀಚರ್ ಮನೆ ನಂಬರ್ ಹೇಳು, ಅದೊಂದನ್ನ ಇವತ್ತೇ ತೆಗೆಸ್ತೀನಿ. ಉಳಿದವರು ಯಾರೂ ದೂರು ಕೊಟ್ಟಿಲ್ಲ."

"ಕೊಟ್ಟರೆ?"

"ಮನೆಯವರೇ ಕೊಡ್ಬೇಕು, ಒಬ್ಬೊಬ್ಬರೂ. ಕೊಟ್ರೆ ತೆಗೀಲೇಬೇಕು, ನಿಯಮ ಇದೆ. ಆದ್ರೆ ನೀನು ದುಡುಕಬೇಡ. ಆ ಕೆಲಸದ ಪತ್ರ ಸುಮ್ನೆ ಬರಲಿಲ್ಲ, ನಾನು ಓಡಾಡಿ ಹಾಕಿಸಿದ್ದು. ಅದನ್ನ ನೆನಪಿಟ್ಕೋ."

ಬಂದಾಗ ಬೈಯಬೇಕೆಂದಿದ್ದೆ. ಬೈಯದೆ ಬಾಗಿಲ ಕಡೆ ನಡೆದೆ. ಗಾಜಿನ ಕೋಣೆಯಲ್ಲಿ ಅಪ್ಪನ ಮೌನಕ್ಕೆ ಕಿವಿಗೊಟ್ಟು ಇವರು ನನ್ನತ್ತ ಕಣ್ಣು ಮಿಟುಕಿಸಿದ್ದರು. ಆಗ ನಾನೂ ಮುಗುಳ್ನಕ್ಕಿದ್ದೆ. ಆ ನಗು ನೆನಪಾಗಿ ಮೈಯೆಲ್ಲ ಹಿಡಿಯಷ್ಟಾಯಿತು.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಬೈಯಲಿಲ್ಲ. "ಹಾಗಾದ್ರೆ ಮನೆಮನೆಗೂ ಹೋಗಿ ಹೇಳ್ಬೇಕು," ಎಂದರು, ಅಷ್ಟೇ.

ಕೆಲಸದಿಂದ ಬಂದ ಮೇಲೆ ಅವರೂ ಕಾಲೇಜಿನಿಂದ ಬಂದ ಮೇಲೆ ನಾನೂ ಹೊರಡುತ್ತಿದ್ದೆವು. ಪ್ರತಿ ಬಾಗಿಲಲ್ಲೂ ಅದೇ: ನಿಮ್ಮ ಬಗ್ಗೆ ಹೀಗೆ ಬರೆದಿದ್ದೆ, ಅದು ಹೀಗೆ ಊರಿಗೆಲ್ಲ ಹೋಗಿದೆ, ದಯವಿಟ್ಟು ದೂರು ಕೊಡಿ. ಸಾಲನ್ನು ಅಪ್ಪನೇ ಗಟ್ಟಿಯಾಗಿ ಓದುತ್ತಿದ್ದರು. ದೂರಿನ ಅರ್ಜಿಯನ್ನು ನಾನು ಅವರ ಫೋನಿನಲ್ಲಿ ತುಂಬಿಕೊಡುತ್ತಿದ್ದೆ. ಒಬ್ಬರು, "ನಮ್ಮ ಬೆಲ್ ಸತ್ತಿರೋದು ನಿಮಗಿಂತ ಮೊದಲೇ ಊರಿಗೆಲ್ಲ ಗೊತ್ತು ಮಾರಾಯ್ರೇ," ಎಂದು ನಕ್ಕು ನೀರು ಕೊಟ್ಟರು. ಓದಲು ಬಾರದ ಅಜ್ಜ ಎದ್ದು ಒಳಗೆ ಹೋಗಿಬಿಟ್ಟರು. ಅವರ ಮೊಮ್ಮಗಳಿಗೆ ಆ ವಿಷಯ ತಿಳಿದದ್ದೇ ಆ ದಿನ.

ಜೈಲಿನಲ್ಲಿ ಮಗನಿದ್ದ ತಾಯಿ ಬಾಗಿಲನ್ನು ಅರ್ಧವೇ ತೆರೆದರು. ಪಕ್ಕದ ಮನೆಯವರು ಆಗಲೇ ಓದಿ ಹೇಳಿದ್ದರಂತೆ.

"ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಕಾಗದ ತಂದು ಕೈಗಿಟ್ರಿ ಅಣ್ಣ," ಎಂದರು. "ಈಗ ನೀವೇ ಡಂಗುರ ಹೊಡೆಸಿದ್ರಿ."

ನಾನು ಮುಂದೆ ಬಂದು, "ಅಮ್ಮಾ, ಕಂಪನಿಗೆ ಕೊಟ್ಟವಳು ನಾನು. ಅಪ್ಪಂದೇನೂ ತಪ್ಪಿಲ್ಲ," ಎಂದೆ.

"ನೀನ್ಯಾರೋ ನಂಗೆ ಗೊತ್ತಿಲ್ಲಮ್ಮ. ಇವರು ಗೊತ್ತು ಅಂದ್ಕೊಂಡಿದ್ದೆ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅಂದು ಉಳಿದ ಮನೆಗಳಿಗೆ ಹೋಗಲು ಅಪ್ಪನಿಂದಾಗಲಿಲ್ಲ. ನಾನೊಬ್ಬಳೇ ಹೋದೆ.

ಐದು ವಾರದಲ್ಲಿ ಇನ್ನೂರ ಅರವತ್ತೆಂಟು ದೂರುಗಳು ಹೋದವು. ಒಂದು ಬೆಳಿಗ್ಗೆ ನೋಡಿದರೆ ಇಡೀ ಬಡಾವಣೆಯ ಟಿಪ್ಪಣಿಗಳೇ ಮಾಯ. ಪತ್ರವಿಲ್ಲ, ಕ್ಷಮೆಯಿಲ್ಲ. ಅಷ್ಟು ಹೊತ್ತಿಗೆ ಕೆಲಸದ ಪತ್ರದ ಗಡುವು ದಾಟಿತ್ತು. ನಾನು ಉತ್ತರ ಬರೆದಿರಲಿಲ್ಲ. ಅಕ್ಕನಿಂದ ಮತ್ತೆ ಸುದ್ದಿಯಿಲ್ಲ. ನಾಚಿಕೆಯ ಸಂಗತಿ ಎಂದರೆ, ಆಮೇಲೂ ಎಷ್ಟೋ ದಿನ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ, ಬರೆದ ಪ್ರೋಗ್ರಾಂ ಒಂದೇ ಸಲಕ್ಕೆ ಓಡಿದರೆ, ಮೊದಲು ಅವರಿಗೇ ಹೇಳೋಣ ಎಂದು ಕೈ ಫೋನಿನ ಕಡೆ ಹೋಗುತ್ತಿತ್ತು. ಹೆಸರು ನೋಡಿದ ಮೇಲೆ ಫೋನು ಕೆಳಗಿಡುತ್ತಿದ್ದೆ.

ಅಂಚೆ ಕಚೇರಿಗೂ ಯಾರೋ ದೂರು ಬರೆದಿದ್ದರು. ನಿವೃತ್ತಿಗೆ ಒಂಬತ್ತು ತಿಂಗಳಿದ್ದ ಅಪ್ಪನನ್ನು ಬೀದಿಯಿಂದ ತೆಗೆದು, ಒಳಗೆ ಕಾಗದ ವಿಂಗಡಿಸುವ ಮೇಜಿಗೆ ಹಾಕಿದರು. ಬಿಸಿಲಿಲ್ಲ, ಕಾಲುನೋವಿಲ್ಲ, ಆರಾಮಾಗಿದೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅಮ್ಮ ನಂಬಿದಂತೆ ನಟಿಸುತ್ತಿದ್ದರು.

ಒಂದು ದಿನ ಅವರನ್ನು ಕರೆತರಲು ಹೋಗಿದ್ದೆ. ಅಪ್ಪ ಗೂಡುಗಳ ಮುಂದೆ ನಿಂತು ನೋಡದೆಯೇ ಕಾಗದಗಳನ್ನು ಸರಸರನೆ ಹಾಕುತ್ತಿದ್ದರು. ಅವರ ಬಡಾವಣೆಯ ಟಪಾಲಿಗೆ ಹೊಸದಾಗಿ ಬಂದಿದ್ದ ಹುಡುಗಿ ಚೀಲ ಇಳಿಸಿ, ಒಂದು ಪಾರ್ಸಲ್ ಹಿಡಿದುಕೊಂಡು ಬಂದಳು.

"ಸರ್, ಈ ಟೀಚರ್ ಮನೇಲಿ ಎಷ್ಟು ಸಲ ಬೆಲ್ ಮಾಡಿದ್ರೂ ಬಾಗಿಲು ತೆಗೆಯಲ್ಲ. ಏನ್ಮಾಡ್ಲಿ?"

ಅಪ್ಪನ ಬಾಯಿ ತೆರೆಯಿತು. ತುಟಿಯ ತನಕ ಬಂದದ್ದನ್ನು ತಡೆದುಕೊಂಡದ್ದು ನನಗೆ ಕಾಣಿಸಿತು.

"ಇನ್ನೊಂದು ಸಲ ಹೋಗಿ ನೋಡಮ್ಮ. ಏನು ಮಾಡ್ಬೇಕು ಅಂತ ಅವರನ್ನೇ ಕೇಳು," ಎಂದು ಹೇಳಿ, ಮುಂದಿನ ಕಟ್ಟಿನ ದಾರ ಬಿಚ್ಚಿದರು.