ಬಾಗಿಲಿಗೆ ಅಡ್ಡ ಬಂದ ಹಾಯಿಮರ

ನಮ್ಮ ಮಲಗುವ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕೀಲು ಕೆಟ್ಟಿರಲಿಲ್ಲ, ಚೌಕಟ್ಟು ಸೊಟ್ಟಗಾಗಿರಲಿಲ್ಲ. ಮಾವನ ದೋಣಿಯ ಹಾಯಿಮರ ಷೆಡ್ಡಿನಲ್ಲಿ ಶುರುವಾಗಿ, ಅಡುಗೆಮನೆ ಪಕ್ಕದ ಇಕ್ಕಟ್ಟಾದ ನಡುದಾರಿಯನ್ನೆಲ್ಲ ದಾಟಿ, ನಮ್ಮ ಹೊಸ್ತಿಲು ಹತ್ತಿ, ಒಂದು ಮೊಳ ಒಳಗೆ ಬಂದು ಮಲಗಿತ್ತು. ಹೊರಗಿಟ್ಟರೆ ಸೀಳು ಬಿಡುತ್ತದೆ, ನಿಲ್ಲಿಸಿದರೆ ಬಾಗುತ್ತದೆ, ಅದು ನೇರವಾಗಿ ಮಲಗುವುದಕ್ಕೆ ಮನೆಯಲ್ಲಿ ಇರುವುದು ಇದೊಂದೇ ಜಾಗ ಎಂದು ಮಾವನ ತೀರ್ಪು. ಅದು ನೇರವಾಗಿ ಮಲಗಿತ್ತು, ನಿಜ. ನಾವಿಬ್ಬರು ಮಾತ್ರ ಬಾಗಿಲ ಸಂದಿಗೆ ಹಳೆಯ ಹೊದಿಕೆ ಇಳಿಬಿಟ್ಟುಕೊಂಡು, ಜಗಳವನ್ನೂ ಪಿಸುಮಾತಿನಲ್ಲೇ ಆಡಬೇಕಿತ್ತು. ಪಿಸುಮಾತಿನಲ್ಲಿ ಜಗಳವಾಡಿದವರಿಗೇ ಗೊತ್ತು ಅದರ ಸಂಕಟ. ಮಾತಿಗೆ ಖಾರವೇ ಹತ್ತುವುದಿಲ್ಲ.

ನಾನು ಬೋರ್ಡು ಬರೆಯುವವನು. ಅಂಗಡಿ, ಲಾರಿ, ದೋಣಿ, ಯಾವುದರ ಮೇಲೆ ಬೇಕಾದರೂ ಹೆಸರು ಬರೆಯುತ್ತೇನೆ. ಆರು ವರ್ಷದ ಹಿಂದೆ ಈ ಮನೆಗೆ ಕಾಲಿಟ್ಟಿದ್ದೂ ಈ ಪುಟ್ಟ ಹಾಯಿದೋಣಿಯ ಮೂತಿಯ ಮೇಲೆ ಹೆಸರು ಬರೆಯುವುದಕ್ಕೇ. "ಈಗ ಬೇಡ, ದೋಣಿ ತೇಲಿದ ಮೇಲೆ ಹೆಸರು" ಎಂದರು ದೋಣಿ ಕಟ್ಟುವ ಕೆಲಸದಲ್ಲಿ ಕೂದಲು ನೆರೆಸಿಕೊಂಡ ಈ ಮಹಾಶಯರು. ನಾನು ಅದನ್ನು ವಿಚಾರಿಸಿಕೊಂಡು ಹೋಗಲು ಎರಡು ಸಲ ಬಂದೆ, ಮೂರನೆಯ ಸಲ ಅವರ ಚಿಕ್ಕ ಮಗಳು ಚಹಾ ತಂದುಕೊಟ್ಟಳು. ಹೆಸರು ಬರೆಯುವುದು ಹಾಗೇ ಉಳಿಯಿತು, ನಾನು ಅಳಿಯನಾದೆ.

ಮದುವೆಯ ಮಾತುಕತೆಯಲ್ಲೇ ಮಾವ ಒಂದು ಕರಾರು ಹಾಕಿದ್ದರು. "ಅಳಿಯಂದ್ರೆ, ದೋಣಿ ರಿಪೇರಿ ಮುಗಿಯೋವರೆಗೂ ಇಲ್ಲೇ ಇದ್ದು ನನಗೊಂದು ಕೈ ಕೊಡಿ. ಅದು ತೇಲಿದ ದಿನ ನೀವು ನಿಮ್ಮ ಮನೆ ಮಾಡ್ಕೊಳ್ಳಿ. ನಿಮ್ಮ ಗಂಟುಮೂಟೆ ನಾನೇ ಹೊತ್ಕೊಂಡು ಬರ್ತೀನಿ." ಪಕ್ಕದಲ್ಲಿ ನಿಂತಿದ್ದ ಹೆಂಡತಿಯಾಗುವವಳು ಅಪ್ಪನ ಕೈಮುಟ್ಟಿ ಆಗಲಿ ಎಂದಳು. ಒಂದು ವರ್ಷದ ಕೆಲಸ, ಅಬ್ಬಬ್ಬಾ ಎಂದರೆ ಒಂದೂವರೆ ಎಂದುಕೊಂಡೆ ನಾನು. ಮಾವ ನನ್ನನ್ನು ಒಮ್ಮೆಯೂ ಏಕವಚನದಲ್ಲಿ ಕರೆದವರಲ್ಲ. ಬಹುವಚನ ಕೊಟ್ಟೇ ಮೈಮುರಿಯುವ ಹಾಗೆ ದುಡಿಸಿದರು.

ಮೊದಲು ಕೊಳೆತ ಹಲಗೆ ಬಿಚ್ಚಿದೆವು. ಆಮೇಲೆ ಪಕ್ಕೆಗಳು. ದೋಣಿಯ ಹಲಗೆಗಳನ್ನು ಒಳಗಿನಿಂದ ಹಿಡಿದಿಟ್ಟುಕೊಳ್ಳುವ ಬಾಗಿದ ಮರದ ಪಟ್ಟಿಗಳಿಗೆ ಹಾಗೆನ್ನುತ್ತಾರೆ, ನಮ್ಮ ಎದೆಗೂಡಿನ ಹಾಗೆಯೇ. ಒಂದೊಂದೂ ಒಂದೇ ಜಾಗದಲ್ಲಿ, ದೋಣಿಯ ಹೊಟ್ಟೆ ತಿರುಗುವಲ್ಲಿ, ಲಟಕ್ಕನೆ ಮುರಿದಿತ್ತು.

"ಇದೇನು ಮಾವ, ಹಿಂಗೆ ಮುರ್ದಿದೆ?" ಎಂದು ಕೇಳಿದೆ.

"ಬಂಡೆಗೆ ಬಡೀತು."

"ಎರಡೂ ಕಡೆನಾ?"

"ಬಂಡೆ ದೊಡ್ಡದಿತ್ತು" ಎಂದು ಮಾವ ಉಳಿಯ ಬಾಯಿ ಮಸೆಯುತ್ತಾ ಕೂತರು. ಬೋರ್ಡು ಬರೆಯುವವನಿಗೆ ಬಂಡೆಯ ವಿಷಯ ಏನು ಗೊತ್ತು ಎಂದು ನಾನೂ ಸುಮ್ಮನಾದೆ.

ಹೊಸ ಪಕ್ಕೆಗಳನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಾಗಿದ್ದಾಗಲೇ ಓಡಿ ತಂದು ಬಾಗಿಸಿ ಕೂರಿಸಬೇಕು. ಮಾವನಿಗೆ ಒಂದೂ ಸರಿಹೋಗುತ್ತಿರಲಿಲ್ಲ. ಇದರ ಎಳೆ ಚೆನ್ನಾಗಿಲ್ಲ, ಅದರ ಬಾಗು ಒಂದು ಕೂದಲೆಳೆ ಹೆಚ್ಚಾಯಿತು, ಬಿಚ್ಚಿ. ಹಗಲು ಬಜಾರಿನಲ್ಲಿ ಏಣಿ ಹತ್ತಿ ಬೋರ್ಡು ಬರೆಯುವುದು, ಸಂಜೆ ಮನೆಗೆ ಬಂದು ಬಿಚ್ಚುವುದು. ಷೆಡ್ಡಿನ ಮೂಲೆಯ ಬೆಂಚಿನ ಮೇಲೆ ಹೆಂಡತಿಯ ಅಕ್ಕ ಕೂತು ಹತ್ತಿ ಹೊಸೆಯುತ್ತಿದ್ದರು. ಹಲಗೆಗಳ ಸಂದಿಗೆ ತುಂಬಲು ಬೇಕಾದ ಹತ್ತಿಯ ಎಳೆ ಅದು. ಅತ್ತಿಗೆಯ ಗಂಡ, ಅಂದರೆ ನನ್ನ ಷಡ್ಡಕ, ಸಾಮಾನು ತರುತ್ತೇನೆಂದು ಹೋದವನು ಇವತ್ತಿಗೂ ಸಾಮಾನು ತರುತ್ತಲೇ ಇದ್ದಾನೆ. ನಾನು ಅವನ ಮುಖ ನೋಡಿದವನಲ್ಲ. ಅವನೂ ಸ್ವಲ್ಪ ದಿನ ಈ ದೋಣಿಗೆ ಕೈ ಹಚ್ಚಿದ್ದನೆಂದು ಮಾತ್ರ ಕೇಳಿದ್ದೆ. ಅತ್ತಿಗೆ ಅವನ ಸುದ್ದಿ ಎತ್ತುತ್ತಿರಲಿಲ್ಲ. ಬುಟ್ಟಿ ತುಂಬಿದರೂ ಹೊಸೆಯುತ್ತಲೇ ಇರುತ್ತಿದ್ದರು.

ಈ ನಡುವೆ ಬಜಾರಿನಲ್ಲಿ ಬೀಗ ರಿಪೇರಿ ಮಾಡುವ ಪರಿಚಯದವನೊಬ್ಬ ತನ್ನ ಅಂಗಡಿಯ ಮೇಲಿನ ಎರಡು ಕೋಣೆ ನನಗೆಂದು ಖಾಲಿ ಇಟ್ಟಿದ್ದ. ಹೋಗಿ ನೋಡಿಕೊಂಡು ಬಂದಿದ್ದೆ. ಪುಟ್ಟ ಕೋಣೆಗಳು, ಕಿಟಕಿ ತೆಗೆದರೆ ಪಕ್ಕದ ಗೋಡೆ. ಆದರೆ ಎರಡಕ್ಕೂ ಬಾಗಿಲಿತ್ತು, ಒಳಗಿನಿಂದ ಚಿಲಕವಿತ್ತು. ನಾನು ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದುದನ್ನು ನೋಡಿ ಅವನು ನಕ್ಕ. "ಈ ತಿಂಗಳು ದಾಟಿದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀನಪ್ಪ. ಎಷ್ಟು ದಿನ ಅಂತ ನಿನ್ನ ದೋಣಿ ಕಾಯ್ಲಿ?" ಎಂದ. ಅವತ್ತು ಮನೆಗೆ ಹೋಗಿ ಎರಡು ಕೋಣೆಯ ಸುದ್ದಿ ಹೆಂಡತಿಗೆ ಹೇಳಿದೆ, ಪಿಸುಮಾತಿನಲ್ಲೇ. ದೋಣಿ ಹಾಳಾಗಿಹೋಗಲಿ, ನಾಳೆಯೇ ನಡಿ ಎಂದೆ.

"ಅಪ್ಪಂಗೆ ಮಾತು ಕೊಟ್ಟಿದ್ದೀನಿ ಕಣ್ರೀ. ತೇಲ್ಲಿ, ಆಮೇಲೆ ಒಂದು ನಿಮಿಷ ಇರಲ್ಲ" ಎಂದಳು. ಅವಳು ಮಾತು ಕೊಟ್ಟರೆ ಕೊಟ್ಟಳು. ಅದಕ್ಕೇ ಅಲ್ಲವೇ ನನ್ನಂಥವನ ಜೊತೆ ಇನ್ನೂ ಇದ್ದಾಳೆ.

ಸರಿ, ಕೊನೆಯ ಕೆಲಸ ಬಂತು. ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿಯ ಎಳೆ ಇಟ್ಟು, ಚಪ್ಪಟೆ ಉಳಿ ಹಿಡಿದು, ಮರದ ಸುತ್ತಿಗೆಯಂಥ ಕೊಡತಿಯಿಂದ ಹೊಡೆದು ತುಂಬಬೇಕು. ತಗಡಿನ ಸೂರಿನಡಿ ವರ್ಷಗಟ್ಟಲೆ ಕಾದು ಹಲಗೆಗಳು ಗರಿಗರಿಯಾಗಿ ಒಣಗಿದ್ದವು. ಸಂದಿಯಲ್ಲಿ ಬೆಳಕು ಕಾಣಿಸುತ್ತಿತ್ತು. ನನಗೋ ಕೈಗೆ ರೆಕ್ಕೆ ಬಂದಿತ್ತು.

"ಇನ್ನೂ ಗಟ್ಟಿ" ಎಂದರು ಮಾವ. ಇನ್ನೂ ಗಟ್ಟಿಯಾಗಿ ಹೊಡೆದೆ. ಅವರು ಚಾಕುವಿನ ತುದಿ ಚುಚ್ಚಿ ನೋಡಿ, "ಅಳಿಯಂದ್ರೆ, ಚಾಕು ಇಳೀಬಾರ್ದು. ಇನ್ನೊಂದು ಎಳೆ ಇಡಿ" ಎಂದರು. ಇಟ್ಟೆ.

ಚಹಾ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಅಷ್ಟು ಬೇಕಾ ಅಪ್ಪ?"

"ನೀರು ನುಗ್ಗಿದ್ರೆ ನೀನು ಮೊಗೆದು ಚೆಲ್ತೀಯಾ?"

ಅವಳು ಲೋಟ ಇಟ್ಟು ಹೋದಳು. ಬೆಂಚಿನ ಮೇಲಿದ್ದ ಅತ್ತಿಗೆಯ ಕೈ ಒಂದು ಗಳಿಗೆ ನಿಂತು, ಮತ್ತೆ ಹೊಸೆಯತೊಡಗಿತು. ನಾನು ಚಹಾ ಒಂದೇ ಗುಟುಕಿಗೆ ಕುಡಿದು ಕೊಡತಿ ಎತ್ತಿಕೊಂಡೆ.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ದೋಣಿಯನ್ನು ನೀರಿಗಿಳಿಸಿದೆವು. ತೇಲಿತು. ಅದು ಬಾತುಕೋಳಿಯ ಹಾಗೆ ಕುಂಡೆ ಅಲ್ಲಾಡಿಸುತ್ತಾ ತೇಲಿದ್ದನ್ನು ಕಂಡು ನನಗೆ ಕಣ್ಣಲ್ಲಿ ನೀರೇ ಬಂತು, ಸುಳ್ಳು ಯಾಕೆ ಹೇಳಲಿ. ಅಲ್ಲಲ್ಲಿ ಸ್ವಲ್ಪ ಜಿನುಗುತ್ತಿತ್ತು. "ಒಂದೆರಡು ದಿನ ಕಟ್ಟಿಹಾಕಿ ನೀರು ಕುಡಿಸೋಣ. ಆಮೇಲೆ ಹಾಯಿಮರ ಏರಿಸೋದು, ಹೆಸರು ಬರೆಯೋದು. ಆಗ ತೇಲಿದ ಲೆಕ್ಕ" ಎಂದರು ಮಾವ. ಎರಡು ದಿನ ತಾನೇ. ನಾನು ಬೀಗದವನಿಗೆ ಕೋಣೆ ಗುಡಿಸಿಡಲು ಹೇಳಿ, ಬ್ರಷ್ಷುಗಳನ್ನು ತೊಳೆದು ಒಣಗಿಸಿದೆ.

ಮರುದಿನ ಮಧ್ಯಾಹ್ನ ದಡದಲ್ಲಿ ಕೂತು ಬಣ್ಣ ಕಲಸುತ್ತಿದ್ದೆ. ದೋಣಿಯೊಳಗೆ ಲಟಕ್ ಎಂದಿತು. ಯಾರೋ ಒಣಕಟ್ಟಿಗೆ ಮುರಿದ ಹಾಗೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಓಡಿಹೋಗಿ ಬಗ್ಗಿ ನೋಡಿದರೆ ಪಕ್ಕೆಗಳು ಒಂದೊಂದಾಗಿ ಮುರಿಯುತ್ತಿದ್ದವು, ಹೊಟ್ಟೆ ತಿರುಗುವಲ್ಲಿ, ಎರಡೂ ಕಡೆ. ಮೊಳೆ ಕಿತ್ತುಕೊಂಡು ಹಲಗೆಗಳು ಹೊರಕ್ಕೆ ಬರುತ್ತಿದ್ದವು. ನಾನು ಬಾಗಿಸಿ ಕೂರಿಸಿದ ಪಕ್ಕೆಗಳು ನನ್ನ ಕಣ್ಣೆದುರೇ ಮುರಿದವು, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು ನಿಂತೇ ಇದ್ದೆ. ಒಟ್ಟಿಗೆ ನಾಲ್ಕು ಜನ ಹಗ್ಗ ಹಾಕಿ ಅದನ್ನು ಎಳೆದು ಷೆಡ್ಡಿಗೆ ತಂದೆವು.

ಜನ ಹೋದ ಮೇಲೆ ಕೇಳಿದೆ. "ಬಂಡೆ ಎಲ್ಲಿ ಮಾವ?"

ಮಾವ ಮುರಿದ ಪಕ್ಕೆಯ ಮೇಲೆ ಬೆರಳಾಡಿಸುತ್ತಿದ್ದರು.

"ಬಂಡೆ ಎಲ್ಲಿ ಅಂತ ಕೇಳ್ದೆ."

"ಒಣಮರ ನೀರು ಕುಡಿದ್ರೆ ಉಬ್ಬತ್ತೆ. ಉಬ್ಬೋಕೆ ಜಾಗ ಬೇಕು. ಜಾಗ ಇಲ್ದಿದ್ರೆ ಹಲಗೆಗಳು ಒಂದನ್ನೊಂದು ನೂಕಿ ಪಕ್ಕೆ ಮುರೀತವೆ" ಎಂದರು, ಹವಾಮಾನ ಹೇಳುವ ದನಿಯಲ್ಲಿ.

"ಗೊತ್ತಿದ್ದೂ ಗಟ್ಟಿ ತುಂಬಿಸಿದ್ರಾ?"

"ಗೊತ್ತಿತ್ತು" ಎಂದರು. ಮುಖ ಎತ್ತಲಿಲ್ಲ. "ಇದು ಮುಗಿದ್ರೆ ಈ ಷೆಡ್ಡಿಗೆ ಯಾರು ಬರ್ತಾರೆ ಹೇಳಿ. ಹೆಸರು ಬರೆದು ನೀವು ಹೊರಟುಬಿಡ್ತಿದ್ರಿ." ಆಮೇಲೆ ಕೊಡತಿಯ ಹಿಡಿ ನನ್ನ ಕಡೆಗೆ ತಿರುಗಿಸಿ ಚಾಚಿದರು. "ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೆ. ಮುಂದಿನ ಸಲ ಸಡಿಲವಾಗೇ ತುಂಬೋಣ."

ಮೈಯೆಲ್ಲ ಉರಿದುಹೋಯಿತು. ಕೊಡತಿ ಮುಟ್ಟದೆ, ಹಾಯಿಮರ ದಾಟಿ ದಾಟಿ ಕೋಣೆಗೆ ಬಂದೆ. ಹೆಂಡತಿ ಮಂಚದ ಮೇಲೆ ಕೂತಿದ್ದಳು. ಷೆಡ್ಡಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಕೇಳಿಸದೇ ಇರಲು ಬಾಗಿಲು ಎಲ್ಲಿತ್ತು?

"ನಿಂಗೂ ಗೊತ್ತಿತ್ತಾ?"

"ಭಾವನ ಸಲ ನೋಡಿದ್ದೆ."

"ಮತ್ತೆ ಬಾಯಿಗೆ ಬೀಗ ಯಾಕೆ?"

ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಭಾವಂಗೆ ಅಕ್ಕನೇ ಹೇಳಿದ್ಲು, ಅಪ್ಪ ಬೇಕಂತ್ಲೇ ಮಾಡಿಸಿದ್ದು ಅಂತ. ಮಾರನೇ ದಿನವೇ ಭಾವ ಹೋದ್ರು. ಅಕ್ಕನ್ನ ಕರೀಲೇ ಇಲ್ಲ ರೀ. ಬಾ ಅಂತ ಒಂದು ಮಾತು ಕೂಡ ಅನ್ಲಿಲ್ಲ. ಹೇಳಿದ್ರೆ ನೀವೂ ಹಾಗೇ ಹೋಗ್ತೀರೇನೋ ಅಂತ ಭಯ ಆಯ್ತು."

ನಿಜ ಹೇಳಬೇಕೆಂದರೆ ಷೆಡ್ಡಿನಿಂದ ಕೋಣೆಗೆ ಬರುವಷ್ಟರಲ್ಲಿ ನಾನು ಒಬ್ಬನೇ ಮೆಟ್ಟಿಲಿಳಿದು ಹೋಗುವುದನ್ನು ಮನಸ್ಸಿನಲ್ಲೇ ಎರಡು ಸಲ ನೋಡಿಬಿಟ್ಟಿದ್ದೆ. ಈಗ ಆ ಬೆಂಚಿನ ಮೇಲೆ ಅತ್ತಿಗೆಯ ಪಕ್ಕ ಇನ್ನೊಬ್ಬಳು ಕೂತು ಹತ್ತಿ ಹೊಸೆಯುವುದು ಕಣ್ಣಿಗೆ ಬಂತು. ಅವಳ ಪಕ್ಕ ಕೂತೆ. ಹೋಗುವ ಹಾಗಿಲ್ಲ, ಇರುವ ಹಾಗಿಲ್ಲ.

ಕಣ್ಣು ಹಾಯಿಮರದ ತುದಿಯ ಮೇಲೆ ಬಿತ್ತು. ನುಣ್ಣಗೆ ಉಜ್ಜಿ, ಎಣ್ಣೆ ಕುಡಿಸಿ ಕುಡಿಸಿ ಹೊಳೆಯುತ್ತಿತ್ತು. ಉಜ್ಜಿದವನು ನಾನೇ. ಎದ್ದುಹೋಗಿ ನಡುದಾರಿಯ ಮೊಳೆಗೆ ತೂಗುಹಾಕಿದ್ದ ಗರಗಸ ತಂದು, ಸರಿಯಾಗಿ ಹೊಸ್ತಿಲ ನೇರಕ್ಕೆ ಮರದ ಮೇಲೆ ಇಟ್ಟೆ.

ಹೆಂಡತಿ ಬಂದು ನಿಂತಳು. ತಡೆಯುತ್ತಾಳೆ ಎಂದುಕೊಂಡೆ.

"ಅಲ್ಲಲ್ಲ. ಒಂದು ಗೇಣು ಆಚೆಗೆ ಕತ್ತರಿಸಿ. ಬಾಗಿಲು ಪೂರ್ತಿ ಹಾಕ್ಕೊಳ್ಳಲಿ" ಎಂದಳು. ಮಂಡಿಯೂರಿ ಕೂತು, ಮರ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಒತ್ತಿಹಿಡಿದಳು.

ಕತ್ತರಿಸಿದೆ. ತುಂಡು ಒಳಕ್ಕೆ ಬಿತ್ತು. ಹೊದಿಕೆ ಕಿತ್ತುಹಾಕಿ ಬಾಗಿಲು ದೂಡಿದೆ. ಬಳಕೆಯಿಲ್ಲದೆ ಕಿರುಗುಟ್ಟಿ, ಕೊನೆಗೂ ಚೌಕಟ್ಟಿಗೆ ಕೂತಿತು. ಚಿಲಕ ಜಂಗು ಹಿಡಿದಿತ್ತು, ಅವಳು ತುಂಡಿನಿಂದಲೇ ಬಡಿದು ಕೂರಿಸಿದಳು. ನಡುದಾರಿಯಲ್ಲಿ ಮಾವನ ಹೆಜ್ಜೆ ಬಂತು. ಕತ್ತರಿಸಿದ ಜಾಗದಲ್ಲಿ ನಿಂತಿತು. ಆಮೇಲೆ ಅವರು ಬಾಗಿಲು ತಟ್ಟಿದರು. ಈ ಮನೆಯಲ್ಲಿ ಅವರು ನಮ್ಮ ಬಾಗಿಲು ತಟ್ಟಿದ್ದು ಅದೇ ಮೊದಲು.

"ಮಗಳೇ, ಒಳಗೆ ಬರ್ಲಾ?"

ಅವಳು ನನ್ನ ಮುಖ ನೋಡಿದಳು. ಪಿಸುಮಾತಿನಲ್ಲಲ್ಲ, ತನ್ನ ಪೂರ್ತಿ ದನಿಯಲ್ಲೇ ಹೇಳಿದಳು.

"ಬೇಡಪ್ಪ. ಬಟ್ಟೆ ಕಟ್ಕೊಳ್ತಾ ಇದ್ದೀವಿ. ದೋಣಿ ನಿನ್ನೆ ತೇಲ್ತು, ನಾನೇ ನೋಡ್ದೆ."

ಹೆಜ್ಜೆ ಷೆಡ್ಡಿಗೆ ಹಿಂದಿರುಗಿತು. ಸ್ವಲ್ಪ ಹೊತ್ತಿಗೆ ಉಳಿ ಕೊಡತಿಯ ಸದ್ದು ಶುರುವಾಯಿತು, ನಾನು ತುಂಬಿದ ಹತ್ತಿಯನ್ನು ಮಾವ ಕೀಳುತ್ತಿದ್ದರು. ಮಂಚದ ಕೆಳಗಿನ ಪೆಟ್ಟಿಗೆ ಎಳೆದು ನಾವು ತುಂಬತೊಡಗಿದೆವು. ಅಷ್ಟರಲ್ಲಿ ಬಾಗಿಲು ಇನ್ನೊಮ್ಮೆ ತಟ್ಟಿದ ಸದ್ದಾಯಿತು, ಈ ಸಲ ಬಹಳ ಮೆಲ್ಲಗೆ. ನಾನೇ ಚಿಲಕ ತೆಗೆದೆ. ಅತ್ತಿಗೆ ನಿಂತಿದ್ದರು. ಬುಟ್ಟಿಯ ಹತ್ತಿಯನ್ನೆಲ್ಲ ಎಲ್ಲೋ ಸುರಿದು, ಅದರಲ್ಲಿ ತಮ್ಮ ನಾಲ್ಕು ಬಟ್ಟೆ ಮಡಚಿ ಇಟ್ಟುಕೊಂಡಿದ್ದರು.

"ಎರಡು ಕೋಣೆ ಅಂದಿರಲ್ಲ, ಎರಡಕ್ಕೂ ಬಾಗಿಲಿದೆಯಾ?" ಎಂದು ಕೇಳಿದರು.

"ಇದೆ ಅತ್ತಿಗೆ, ಬನ್ನಿ" ಎಂದೆ.