ಉದ್ದ ಕಾಲು, ಗಿಡ್ಡ ಕಾಲು

ಪತ್ರಿಕೆಯ ಕಚೇರಿಯಲ್ಲಿ ಅವಳಿಗೆ ಬೆಸುಗೆಯಮ್ಮ ಅಂತ ಹೆಸರು. ಇಟ್ಟವರು ಯಾರೋ, ಅಂಟಿಕೊಂಡಿದ್ದಂತೂ ಖರೆ. ಹಗಲೆಲ್ಲ ಕಿವಿಗೆ ಹಾಕುವ ಯಂತ್ರಗಳನ್ನು ರಿಪೇರಿ ಮಾಡುವವಳು, ತಿಂಗಳಿಗೊಮ್ಮೆ ಹೆಂಗಸರ ಮಾಸಪತ್ರಿಕೆಗೆ ಒಂದು ಪುಟ ಬರೆಯುತ್ತಿದ್ದಳು. ಲಿಪ್‌ಸ್ಟಿಕ್ ಬಿಸಿಲಿಗೆ ಯಾಕೆ ಕರಗುತ್ತದೆ, ಅದರಲ್ಲಿ ಮೇಣ ಎಷ್ಟು, ಎಣ್ಣೆ ಎಷ್ಟು ಅನ್ನುವುದು ಒಂದು ತಿಂಗಳು. ಸ್ವೆಟರ್ ಹೆಣಿಗೆಯ ನಕ್ಷೆಗೂ ಕಂಪ್ಯೂಟರ್ ಪ್ರೋಗ್ರಾಮಿಗೂ ಏನು ನಂಟು ಅನ್ನುವುದು ಇನ್ನೊಂದು ತಿಂಗಳು. ಗುಲಾಬಿ ಬಣ್ಣದ ಉಗುರಿನ ಕೈಯಲ್ಲೇ ಬೆಸುಗೆ ಕಡ್ಡಿ ಹಿಡಿಯುವವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ, ಪಾಪ.

ವಿಚಿತ್ರ ಕಂಡಿದ್ದು ಮಾಲೀಕರಿಗೆ. ಉಗುರಿಗೆ ಬಣ್ಣ ಹಚ್ಚುವವರು ಬೇರೆ, ಬೆಸುಗೆ ಹಾಕುವವರು ಬೇರೆ, ಈ ಪುಟ ಓದುವವರಾದರೂ ಯಾರು ಅಂತ ಕೇಳಿದರಂತೆ. ಸಂಪಾದಕಿ ಅದನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು. ಮುಂದಿನ ಸಂಚಿಕೆಗೆ ಓದುಗರಿಂದ ಪತ್ರ ಬಂದರೆ ಸರಿ, ಬರದಿದ್ದರೆ ಪುಟವನ್ನು ಎರಡು ಹೋಳು ಮಾಡಿ ಅರ್ಧ ಸೌಂದರ್ಯದ ಅಂಕಣಕ್ಕೆ, ಅರ್ಧ ದಿನಪತ್ರಿಕೆಯ ವಿಜ್ಞಾನ ಪುರವಣಿಗೆ. ಬೆಸುಗೆಯಮ್ಮನಿಗೆ ಹೊಟ್ಟೆ ಉರಿದುಹೋಯಿತು. ಪುಟ ಹೋದರೆ ಹೋಗಲಿ, ತನ್ನನ್ನೇ ನಡುವೆ ಸೀಳಿದ ಹಾಗಾಯಿತಲ್ಲ ಅಂತ.

ಸರಿ, ಜಿದ್ದಿಗೆ ಬಿದ್ದು ತನ್ನ ಕೈಚಳಕವನ್ನೆಲ್ಲ ಸುರಿದಳು. ಬಟ್ಟೆಯ ಮೇಲೊಂದು ಹೂವು. ಹೂವಿನ ಎದೆಯಲ್ಲಿ ಸಾಸಿವೆಯಷ್ಟು ಬಲ್ಬು, ಕೆಳಗೆ ಎಲೆಯಡಿ ಗುಂಡಿಯಂಥ ಬ್ಯಾಟರಿ, ನಡುವೆ ತಂತಿಯ ಬದಲು ಕರೆಂಟು ಹರಿಯುವ ಬೆಳ್ಳಿಬಣ್ಣದ ದಾರ. ದಾರ ಸಡಿಲವಾಗದಂತೆ ಗಂಟಿನ ಮೇಲೆ ಒಂದು ತೊಟ್ಟು ಉಗುರುಬಣ್ಣ. ಬಲ್ಬಿಗೆ ಎರಡು ಕಾಲು. ಉದ್ದದ್ದು ಬ್ಯಾಟರಿಯ ಪ್ಲಸ್ಸಿಗೆ, ಗಿಡ್ಡದ್ದು ಮೈನಸ್ಸಿಗೆ. ಅದಲುಬದಲಾದರೆ ಹತ್ತುವುದಿಲ್ಲ, ಅಷ್ಟೇ ಅದರ ಮರ್ಮ.

ಆ ಪತ್ರಿಕೆಯಲ್ಲಿ ಕಸೂತಿ ನಕ್ಷೆಗಳನ್ನು ಯಾವಾಗಲೂ ಎಡಬಲ ತಿರುಗಿಸಿಯೇ ಅಚ್ಚು ಹಾಕುತ್ತಿದ್ದರು. ಓದುಗರು ಪುಟವನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಇಸ್ತ್ರಿ ಒತ್ತಿದರೆ ಗೆರೆಗಳು ನೆಟ್ಟಗೆ ಇಳಿಯಬೇಕಲ್ಲ, ಅದಕ್ಕೆ. ಮೂವತ್ತು ವರ್ಷದಿಂದ ಹೂಬಳ್ಳಿ ತಿರುಗಿಸುತ್ತಾ ಬಂದ ಚಿತ್ರಕಾರರು ಇದನ್ನೂ ತಿರುಗಿಸಿದರು. ಗೆರೆ ತಿರುಗಿತು, ಬ್ಯಾಟರಿಯ ಗುರುತೂ ತಿರುಗಿತು. ಆದರೆ ‘ಉದ್ದ ಕಾಲು’, ‘ಗಿಡ್ಡ ಕಾಲು’ ಅನ್ನುವ ಅಕ್ಷರಗಳನ್ನು ಆಮೇಲೆ ಜೋಡಿಸಿದ್ದರಿಂದ ಅವು ಮೊದಲಿದ್ದ ಕಡೆಯೇ ಕೂತವು, ಉದ್ದ ಕಾಲು ಮೈನಸ್ಸಿನ ಪಾಲಾಯಿತು. ಕರಡು ನೋಡಿ ಸಹಿ ಹಾಕಿದವಳು ಬೆಸುಗೆಯಮ್ಮನೇ. ಎಸಳಿನ ಹೊಲಿಗೆ ಸರಿಯಿದೆಯಾ ಅಂತ ನಾಲ್ಕು ಸಲ ನೋಡಿದಳು, ಕಾಲಿನ ಕಡೆ ಕಣ್ಣೇ ಹೋಗಲಿಲ್ಲ.

ಸಂಚಿಕೆ ಹೊರಬಂದ ಮೇಲೆ, ತಾನೇ ಬರೆದದ್ದು ತಾನೇ, ಒಮ್ಮೆ ಪುಟ ನೋಡಿಕೊಂಡು ಮಾಡೋಣ ಅಂತ ಕೂತಳು. ಹತ್ತಲಿಲ್ಲ. ಎರಡು ನಿಮಿಷದಲ್ಲಿ ತಪ್ಪು ಗೊತ್ತಾಯಿತು. ಇನ್ನೇನು ಬೈಗುಳದ ಪತ್ರಗಳು ಬಂದು ಬೀಳುತ್ತವೆ ಅಂತ ಕಾದಳು. ಹದಿನೈದು ದಿನವಾದರೂ ಒಂದು ಕಾರ್ಡಿಲ್ಲ. ಸಂಪಾದಕಿ ಮುಖ ತಿರುಗಿಸಿಕೊಂಡೇ, ಯಾರೂ ಮಾಡಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತಲ್ಲ ಅಂದರು. ಅವಳಿಗೂ ಹೌದೇನೋ ಅನ್ನಿಸಿತು. ಯಾರೂ ಮಾಡದ ಮೇಲೆ ತಪ್ಪಾಯ್ತು ಅಂತ ಸಾರುವುದು, ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ. ಬಾಯಿ ಮುಚ್ಚಿಕೊಂಡು ಇದ್ದುಬಿಟ್ಟಳು.

ಆ ಭಾನುವಾರ ಅಕ್ಕನ ಮನೆಗೆ ಹೋದಳು. ಅಕ್ಕ ಹೊಲಿಗೆಯವಳು, ಬಾಯಿ ಸ್ವಲ್ಪ ಜೋರು. ನಿನ್ನ ಪುಟ ಓದೋಕೆ ಇಂಜಿನಿಯರೇ ಆಗಬೇಕು ಕಣೇ ಅಂತ ಯಾವಾಗಲೂ ಕಾಲೆಳೆಯುವವಳು. ಕತ್ತರಿ ಹುಡುಕುತ್ತಾ ತುಂಡುಬಟ್ಟೆಯ ಡಬ್ಬಕ್ಕೆ ಕೈ ಹಾಕಿದರೆ ಬೆಸುಗೆಯಮ್ಮನ ಕೈಗೆ ಅದೇ ಹೂವು ಸಿಕ್ಕಿತು. ಅಕ್ಕನ ಹೊಲಿಗೆ, ಕಣ್ಣಿಗೊತ್ತಿಕೊಳ್ಳಬೇಕು, ಹಾಗಿತ್ತು. ಬಲ್ಬಿನ ಸುತ್ತ ಮಾತ್ರ ಬಿಚ್ಚಿ ಬಿಚ್ಚಿ ಹೊಲಿದು ಬಟ್ಟೆ ಜಾಳಾಗಿತ್ತು.

ಅಕ್ಕ ಕಿತ್ತುಕೊಳ್ಳಲು ಬಂದಳು. ಮೂರು ಸಲ ಮಾಡಿದ್ದಳಂತೆ. ಇಂಥದ್ದೆಲ್ಲ ತನ್ನ ತಲೆಗೆ ಹತ್ತುವುದಲ್ಲ, ಸೂಜಿ ಹಿಡಿದವಳು ಸೂಜಿ ಹಿಡಿದುಕೊಂಡಿರಬೇಕು ಅಂತ ಮೂಲೆಗೆ ಹಾಕಿದ್ದಳಂತೆ.

“ನನಗೆ ಯಾಕೆ ಹೇಳಲಿಲ್ಲ?”

“ಏನಂತ ಹೇಳಲಿ? ತಂಗಿ ಬರೆದದ್ದು ಅಕ್ಕನಿಗೆ ಅರ್ಥ ಆಗಲಿಲ್ಲ ಅಂತಲಾ? ಅಚ್ಚಾದದ್ದು ತಪ್ಪಿರುತ್ತಾ?”

ಬೆಸುಗೆಯಮ್ಮನಿಗೆ ನಾಚಿಕೆಯಿಂದ ನೆಲ ಸೀಳಿ ಒಳಗೆ ಹೋಗಬೇಕು ಅನ್ನಿಸಿತು. ಎರಡು ಗಂಟು ಬಿಚ್ಚಿ, ಬಲ್ಬು ತಿರುಗಿಸಿ ಕಟ್ಟಿದಳು. ಹತ್ತಿತು. ತಪ್ಪು ನನ್ನದು ಅಂದಳು. ಅಕ್ಕ ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು, ಇಷ್ಟು ದಿನ ನನ್ನನ್ನು ನಾನೇ ದಡ್ಡಿ ಅಂದುಕೊಂಡೆನಲ್ಲೇ ಅಂತ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆ ರಾತ್ರಿ ತಂಗಿಗೆ ಒಂದೇ ಯೋಚನೆ. ಇನ್ನೆಷ್ಟು ಮನೆಯ ಡಬ್ಬಗಳಲ್ಲಿ ಇನ್ನೆಷ್ಟು ಹೂವು ಹೀಗೆ ಬಿದ್ದಿವೆಯೋ.

ಮರುದಿನ ಬೆಳಿಗ್ಗೆ ನೆಟ್ಟಗೆ ಸಂಪಾದಕಿಯ ಕೋಣೆಗೆ ಹೋದಳು. ಪುಟ ಸೀಳುತ್ತೀರೋ, ಸುಡುತ್ತೀರೋ, ನಿಮ್ಮಿಷ್ಟ. ಆದರೆ ಮುಂದಿನ ಸಂಚಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತು ಹಾಕಲೇಬೇಕು ಅಂತ ಹಟ ಹಿಡಿದಳು.

“ನಕ್ಷೆಯೇ ತಪ್ಪಿತ್ತು. ಸಹಿ ಹಾಕಿದವಳು ನಾನು. ಹತ್ತದಿದ್ದರೆ ಅದು ನಿಮ್ಮ ಕೈಯ ತಪ್ಪಲ್ಲ. ಇಷ್ಟೇ ಹಾಕಿ ಮೇಡಂ.”

ಸಂಪಾದಕಿ ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ನಕ್ಷೆಯೇ ತಪ್ಪಿತ್ತಾ?”

“ಹೌದು.”

ಅವರು ಮೇಜಿನ ಕೆಳಗಿನ ಖಾನೆ ಎಳೆದು, ಫೈಲುಗಳ ಅಡಿಯಿಂದ ಒಂದು ಕರ್ಚೀಫು ತೆಗೆದು ಮುಂದಿಟ್ಟರು. ಹೂವೋ ಎಲೆಕೋಸೋ ಹೇಳಲಾಗದಂಥ ಹೊಲಿಗೆ. ಬಲ್ಬಿನ ಗಂಟುಗಳ ಮೇಲೆ ಮಾತ್ರ ಉಗುರುಬಣ್ಣ ಒಂದಿಷ್ಟೂ ಆಚೀಚೆ ಚೆಲ್ಲದೆ ಕೂತಿತ್ತು.

“ನಗಬೇಡಿ,” ಅಂದರು ಮೆಲ್ಲಗೆ. “ಯಾವ ಗಂಟು ಬಿಚ್ಚಬೇಕು, ತೋರಿಸಿ. ಮಾಲೀಕರಿಗೆ ನಾನು ಹೇಳಿಕೊಳ್ತೀನಿ.”